ಎರಡನೇ ಟೇಕಿಗೆ ಕೂರಿಸಿದ ಬೊಂಬೆ

ಆ ಬೊಂಬೆಯನ್ನು ಜೇಬಿಗೆ ಹಾಕಿಕೊಂಡು ಬರಬಹುದಿತ್ತು. ನಾನು ತರಲಿಲ್ಲ.

ಐದು ವರ್ಷದ ಹಿಂದಿನ ಮಾತು. ನಾನು ಸಿನಿಮಾದ ಆರ್ಟ್ ವಿಭಾಗದಲ್ಲಿ ಬಡಗಿ. ಓದಿದ್ದು ಏಳನೇ ತರಗತಿ. ರೈಲು ಸೇತುವೆಯಿಂದ ಬಿದ್ದು ಉರಿಯುವ ದೃಶ್ಯಕ್ಕಾಗಿ ಮದ್ದೂರಿನ ಹತ್ತಿರ, ಆಲೆಮನೆಯ ಪಕ್ಕದ ಶೆಡ್ಡಿನಲ್ಲಿ ಮಿನಿಯೇಚರ್, ಅಂದರೆ ಪುಟ್ಟ ನಕಲು ರೈಲು ಕಟ್ಟಿದೆವು. ಮೊಳದುದ್ದದ ಬೋಗಿಗಳು. ಹೊಸದೆಂದು ಕಾಣಬಾರದೆಂದು ಆಲೆಮನೆ ಒಲೆಯ ಮಸಿ ಬಳಿದೆವು. ಇಂಥದ್ದನ್ನು ಹೈಸ್ಪೀಡ್ ಕ್ಯಾಮೆರಾದಲ್ಲಿ ತೆಗೆಯುತ್ತಾರೆ. ಪರದೆಯ ಮೇಲೆ ನಿಧಾನವಾಗಿ ಬೀಳುವುದರಿಂದ ಹಗುರ ಡಬ್ಬವೂ ನಿಜವಾದ ರೈಲಿನಷ್ಟು ಭಾರ ಕಾಣುತ್ತದೆ.

ಒಳಗೆ ಕೂರುವ ಬಟ್ಟೆಬೊಂಬೆಗಳನ್ನು ಹೊಲಿದವಳು ಮಳವಳ್ಳಿಯ ನಮ್ಮಕ್ಕ ಜಯಮ್ಮ. ಅವಳ ಮಗ ಮಂಜ ಜ್ವರದಲ್ಲಿ ತೀರಿಕೊಂಡು ವರ್ಷ ತುಂಬಿರಲಿಲ್ಲ. ಒಂದು ಬೊಂಬೆಗೆ ಅವನ ಹಳದಿ ಅಂಗಿಯ ತುಂಡು ತೊಡಿಸಿದ್ದಳು.

“ಇವನ್ನ ಕಿಟಕಿ ತಾವ ಕೂರ್ಸ್ಲಾ. ರೈಲು ಅಂದ್ರೆ ಪ್ರಾಣ ಬುಡ್ತಿದ್ದ. ಎಲ್ಲಿಗಂಟ ಓಯ್ತದ್ಲಾ ನಿನ್ ರೈಲು?”

“ಮೈಸೂರ್ಗಂಟ ಕಣಕ್ಕ.” ಉರಿಯುತ್ತದೆ ಎನ್ನಲು ಬಾಯಿ ಬರಲಿಲ್ಲ.

“ಮೊಳದುದ್ದ ಡಬ್ಬ ಮೈಸೂರ್ಗಾ? ಓಗ್ಲಾ ಕತ್ತೆ!” ಮಂಜ ಹೋದ ಮೇಲೆ ಅವಳು ನಕ್ಕದ್ದನ್ನು ಅಂದೇ ಕಂಡದ್ದು.

ಮೊದಲ ಟೇಕಿನಲ್ಲಿ ರೈಲು ಬಿತ್ತು, ಬೆಂಕಿ ಹತ್ತಲಿಲ್ಲ. ಬೋಗಿಯೊಳಗೆ ಕೈಹಾಕಿದೆ. ಹಳದಿ ಅಂಗಿಯವನ ಒಂದು ದಾರವೂ ಕಿತ್ತಿರಲಿಲ್ಲ.

“ಅದೇ ಕಿಟಕಿ, ಅದೇ ಬೊಂಬೆ! ಕಂಟಿನ್ಯೂಟಿ ಹೋಗುತ್ತೆ!” ನಿರ್ದೇಶಕರು ಕೂಗಿದರು. ಎರಡೂ ಟೇಕಿನಲ್ಲಿ ಕಾಣುವುದು ಒಂದೇ ಇರಬೇಕೆಂಬ ನಿಯಮ ಅದು. ಇನ್ನೊಂದು ಬೊಂಬೆಗೆ ಹಳದಿ ಬಳಿಯುತ್ತೇನೆ ಎನ್ನಬಹುದಿತ್ತು. ಬೈಸಿಕೊಳ್ಳಲು ಹೆದರಿ ಅವನನ್ನೇ ಕೂರಿಸಿದೆ. ಈ ಸಲ ಚೆನ್ನಾಗಿ ಉರಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಿನಿಮಾ ಬಿಡುಗಡೆಯಾದಾಗ ಮಂಡ್ಯದ ಟಾಕೀಸಿಗೆ ಅಕ್ಕ ಹಟ ಹಿಡಿದು ಬಂದಳು. ಪರದೆಯ ಮೇಲೆ ರೈಲು ಬೀಳಲು ಬಹಳ ಹೊತ್ತು ಹಿಡಿಯಿತು. ಹಳದಿ ಚುಕ್ಕೆ ಕೊನೆವರೆಗೂ ಕಾಣುತ್ತಿತ್ತು. ಹೊರಗೆ ಬಂದು ಅವಳೇ ಅಂದಳು: “ನೀನೇನ್ಲಾ ಮಾಡೀಯೆ? ಬಿದ್ದೇಟ್ಗೆ ಬೆಂಕಿ ಅತ್ಕತ್ತು. ಎತ್ಕಳಕ್ಕೂ ಪುರ್ಸೊತ್ತಿರ್ನಿಲ್ಲ ಬುಡು.”

ಮೊದಲ ಟೇಕಿನ ಮಾತು ನಾನು ಎತ್ತಲಿಲ್ಲ. ಅಂದಿನಿಂದ ಮದ್ದೂರಿನಲ್ಲಿ ರೈಲು ನಿಂತರೆ ಕಿಟಕಿಗಳ ಕಡೆ ನೋಡಲಾರೆ. ಯಾವುದಾದರೂ ಮಗುವಿನ ಹಳದಿ ಅಂಗಿ ಕಂಡರೆ ಅಂಗೈ ಸುಡುತ್ತದೆ. ಕೆಟ್ಟರೆ ಇನ್ನೊಂದು ಟೇಕ್ ಎನ್ನುವುದು ನಮ್ಮ ಕಸುಬಿನ ಧೈರ್ಯ. ಸುಟ್ಟುಹೋದದ್ದಕ್ಕೆ ಆ ಧೈರ್ಯ ಇಲ್ಲವೆಂದು ಅದೇ ಕಸುಬು ಕಲಿಸಿತು.

ಮೊನ್ನೆ ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕೂತು ಹೇಳಿಬಿಟ್ಟೆ.

“ಅಕ್ಕ, ಮೊದ್ಲು ಬಿದ್ದಾಗ ಅವನಿಗೇನೂ ಆಗಿರ್ನಿಲ್ಲ. ನನ್ ಕೈಲೇ ಇದ್ದ. ನಾನೇ ತಿರ್ಗ ಕೂರಿಸ್ದೆ. ತಪ್ಪಾಯ್ತು ಕಣಕ್ಕ.”