ಅವ್ವನ ಟ್ರಂಕಿನ ಕೀಲಿಕೈ

ಮೊನ್ನೆ ತಮ್ಮನ ಮಗಳ ಟಾನ್ಸಿಲ್ ಆಪರೇಶನ್‌ಗೆಂದು ಚಿಕ್ಕೋಡಿಗೆ ಹೋಗಿದ್ದೆ. ಅರಿವಳಿಕೆ ಕೊಡುವ ಡಾಕ್ಟರು ನನ್ನ ಕೊರಳಿನ ಕಬ್ಬಿಣದ ಕೀಲಿಕೈ ಕಂಡು ನಕ್ಕರು. "ತಿಜೋರಿದೇನ್ರಿ ಅಕ್ಕಾರ?" ಅಂಥ ಭಾಗ್ಯ ನನಗೆಲ್ಲಿಂದ ಬರಬೇಕು ಹೇಳಿ.

ಎಂಬತ್ತರ ದಶಕದಲ್ಲಿ, ನಾನು ಸಣ್ಣವಳಿದ್ದಾಗ, ನನ್ನದೂ ಟಾನ್ಸಿಲ್ಲೇ. ನಮ್ಮೂರು ಸತ್ತಿಯಿಂದ ಅಥಣಿಯ ಆಸ್ಪತ್ರೆಗೆ ಕರೆದೊಯ್ದಿದ್ದರು. ಮೂಗಿನ ಮೇಲೆ ಏನೋ ಮುಚ್ಚಿದರು, ಸಿಹಿ ಸಿಹಿ ಘಾಟು, ಆಮೇಲೆ ಏನೂ ಗೊತ್ತಿಲ್ಲ. ಹೊರಗೆ ಬಂದ ಆಯಾ ಅವ್ವನಿಗೆ ಹೇಳಿದಳಂತೆ: "ಒಳಗ ನಿಮ್ಮ ಕೂಸಿನ ಕೈಕಾಲು ಸೆಟದು ಅದರಿದ್ವು. ಫಿಟ್ಸ್ ಇರಬೇಕ್ರಿ." ಫಿಟ್ಸ್ ಎಂದರೆ ನಮ್ಮಲ್ಲಿ ಮೊದಲು ಕೈಗೆ ಕಬ್ಬಿಣ ಕೊಡುತ್ತಾರೆ. ಅವ್ವನ ಹತ್ತಿರ ಇದ್ದದ್ದು ಅವಳ ಟ್ರಂಕಿನ ಕೀಲಿಕೈ. ನನಗೆ ಎಚ್ಚರವಾದಾಗ ಅದು ಮುಷ್ಟಿಯಲ್ಲಿತ್ತು. ಮನೆಗೆ ಬಂದ ಮೇಲೆ ಕರಿದಾರದಲ್ಲಿ ಕೊರಳಿಗೇರಿತು.

ಮತ್ತೆಂದೂ ಫಿಟ್ಸ್ ಬರಲಿಲ್ಲ. ಕೀರ್ತಿಯೆಲ್ಲ ಕೀಲಿಕೈಗೆ ಹೋಯಿತು. ಆದರೂ ಎಲ್ಲಿ ಬಂದೀತೋ ಎಂದು ನನಗೆ ಹೊಳೆ ಬೇಡ, ಬಾವಿ ಬೇಡ, ಒಲೆ ಬೇಡ ಎಂದರು. ಗೆಳತಿಯರು ಕೃಷ್ಣೆಯಲ್ಲಿ ಈಜುವಾಗ ನಾನು ದಂಡೆಯ ಮೇಲೆ ಅವರ ಲಂಗ ಕಾಯುತ್ತಿದ್ದೆ. ಜಗಳಕ್ಕೂ ಯಾರೂ ನನ್ನ ಮೈ ಮುಟ್ಟುತ್ತಿರಲಿಲ್ಲ. ಮುಂದೆ ಶೇಡಬಾಳದಿಂದಲೋ ರಾಯಬಾಗದಿಂದಲೋ ವರನ ಕಡೆಯವರು ಬಂದರೆ ಅವ್ವ ಚಹಾಕ್ಕಿಂತ ಮೊದಲೇ ಹೇಳಿಬಿಡುತ್ತಿದ್ದಳು: "ಹುಡುಗಿಗೆ ಫಿಟ್ಸ್ ಐತ್ರಿ. ಮುಚ್ಚಿಟ್ಟು ಕೊಡೂದಿಲ್ಲ." ಅವರು ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಆ ಚಹಾವೂ ನಾನು ಮಾಡಿದ್ದಲ್ಲ, ಒಲೆ ಬೇಡವಲ್ಲ.

ಹತ್ತಿರ ಬರುತ್ತಿದ್ದವಳು ಅವ್ವನೊಬ್ಬಳೇ. ದಾರ ಬಿಚ್ಚುವಂತಿಲ್ಲ, ಹಾಗಾಗಿ ಟ್ರಂಕು ತೆರೆಯಲು ನಾನೇ ಬೇಕು. "ಬಾರವ್ವಾ, ಸ್ವಲ್ಪ ಬಗ್ಗ" ಎನ್ನುತ್ತಿದ್ದಳು. ನನ್ನ ಕೆನ್ನೆ ಟ್ರಂಕಿನ ತಗಡಿಗೆ, ಅವಳ ಕೆನ್ನೆ ನನ್ನ ತಲೆಗೆ. ಎಷ್ಟೋ ಸಲ ಏನನ್ನೂ ತೆಗೆಯದೆ ಹಾಗೇ ಮುಚ್ಚುತ್ತಿದ್ದಳು.

ಇದನ್ನೆಲ್ಲ ಕೇಳಿ ಡಾಕ್ಟರು ನಗು ನಿಲ್ಲಿಸಿದರು. "ಮೂಗಿಲೆ ಅರಿವಳಿಕೆ ಕೊಟ್ಟಾಗ ಕೆಲವು ಮಕ್ಕಳ ಕೈಕಾಲು ಅದರಿ ಫಿಟ್ಸ್ ಬಂದಂಗ ಕಾಣತೈತ್ರಿ. ಔಷಧ ಇಳಿದ ಮ್ಯಾಲ ಹೋಗತೈತಿ. ಮತ್ತ ಎಂದೂ ಬಂದಿಲ್ಲಂದ್ರ, ನಿಮಗ ಆ ರೋಗ ಇರಲೇ ಇಲ್ಲ ಅನಸ್ತೈತಿ."

ಸಿಟ್ಟು ಬಂತು. ಯಾರ ಮೇಲೆ ಮಾಡಲಿ? ಅವ್ವ ತೀರಿಕೊಂಡು ವರ್ಷಗಳಾದವು.

ನಿನ್ನೆ ಹೊಳೆಗೆ ಹೋಗಿ, ದಾರ ಬಿಚ್ಚಿ ಕಲ್ಲಿನ ಮೇಲಿಟ್ಟು, ಸೊಂಟದವರೆಗೆ ನೀರಿಗಿಳಿದೆ. ಏನೂ ಆಗಲಿಲ್ಲ. ಮನೆಗೆ ಬಂದು ಒಣ ಸೀರೆಗೆಂದು ಟ್ರಂಕಿನ ಮುಂದೆ ಕುಳಿತೆ. ಕೀಲಿಕೈ ಕೈಯಲ್ಲೇ ಇತ್ತು, ಬಗ್ಗಬೇಕಾಗಿರಲಿಲ್ಲ. ಆದರೂ ಬಗ್ಗಿ, ಕೆನ್ನೆಯನ್ನು ತಗಡಿಗಿಟ್ಟು ಸ್ವಲ್ಪ ಹೊತ್ತು ಕಾದೆ. ತಲೆಯ ಮೇಲೆ ಯಾರ ಕೆನ್ನೆಯೂ ಇರಲಿಲ್ಲ.