ಮೂರು ಗಂಟಿನ ಉಡದಾರ

ಮೊನ್ನೆ ಸುರಪುರದ ಬಜಾರಿನಲ್ಲಿ ಮೊಮ್ಮಗಳಿಗೆಂದು ಉಡದಾರ ಕೊಂಡೆ. ಮೂಗಿನ ಹತ್ತಿರ ಹಿಡಿದರೆ ಹೊಸ ನೂಲಿನ, ಕರಿಬಣ್ಣದ ಘಾಟು. ಅದರ ಜೊತೆ ಯಾಕೋ ಕಾಲುವೆ ನೀರಿನ ತಂಪೂ ಸೇರಿಕೊಂಡಂತಾಯಿತು… ಅಂಗಡಿಯ ಮುಂದೆಯೇ ನಿಂತುಬಿಟ್ಟೆ. ನಮ್ಮ ಪಕ್ಕದ ಮನೆಯ ಆಯಿ ನೆನಪಾಗಿದ್ದಳು.

ಆಗ ನಾನು ದೇವಾಪುರದ ಆಚೆಯ ಒಂದು ಹಳ್ಳಿಯ ದವಾಖಾನೆಯಲ್ಲಿ ಹೊಸ ನರ್ಸು. ಕಾಲುವೆಗೆ ನೀರು ಬಂದು ಕೆಲವೇ ವರ್ಷವಾಗಿತ್ತು. ಜೋಳದ ಹೊಲಗಳೆಲ್ಲ ಗದ್ದೆಯಾಗಿ, ಬೆಳಗಿನ ಮಂಜಿನಲ್ಲಿ ಊರೇ ನೀರಿನ ಮೇಲೆ ತೇಲುತ್ತಿದೆಯೇನೋ ಅನಿಸುತ್ತಿತ್ತು. ಆಯಿ ಭತ್ತ ನಾಟಿ ಮಾಡುವ ಹೆಂಗಸರಿಗೆ ಮುಂದಾಳು. ಅವಳು ಹಾಡು ಎತ್ತಿಕೊಂಡರೆ ಉಳಿದವರ ಕೈ ತಾನಾಗಿ ಓಡುತ್ತಿತ್ತು. ಕಡ್ಡಿಯಂಥ ಮೈ. ಹಬ್ಬಕ್ಕೊಮ್ಮೆ ಅನ್ನ ಕಂಡು ಬೆಳೆದವಳಿಗೆ ಆಗ ಎರಡು ಹೊತ್ತೂ ಬಿಳಿ ಅನ್ನ, ಮೇಲೊಂದು ಚೂರು ಬೆಲ್ಲ. ಉಣ್ಣುವಾಗ ಅವಳ ಮುಖ ನೋಡಬೇಕಿತ್ತು… ಕಣ್ಣು ಮುಚ್ಚಿ ಅಗಿಯುತ್ತಿದ್ದಳು.

ಅವಳ ಕುಂಕುಮದ ಭರಣಿಯಲ್ಲಿ ಒಂದು ಹಳೆಯ ಕರಿದಾರವಿತ್ತು. ಅವಳು ಕೂಸಾಗಿದ್ದಾಗ ಸೊಂಟಕ್ಕೆ ಕಟ್ಟಿದ್ದ ಉಡದಾರ. ಒಮ್ಮೆ ಅದನ್ನು ನನ್ನ ಅಂಗೈ ಮೇಲಿಟ್ಟು ನಕ್ಕಳು.

“ಕೂಸು ಬೆಳದಂಗ ಉಡದಾರ ಸಡ್ಲ ಮಾಡ್ತಾರಲ್ಲವ್ವಾ? ನಾ ಹುಟ್ಟಿದಾಗ ಬರ ಬಿದ್ದಿತ್ತು. ನಮ್ಮವ್ವ ಗಂಟ ಹಾಕಿ ಬಿಗಿ ಮಾಡ್ಕೋತ ಹೋಗ್ಯಾಳ ನೋಡು. ಇಲ್ಲಾಂದ್ರ ಜಾರಿ ಬೀಳ್ತಿತ್ತಂತ!”

ನಾನೂ ನಕ್ಕೆ. ಮೂರು ಗಂಟಿದ್ದವು. ನೋಡಿ ವಾಪಸು ಕೊಟ್ಟೆ.

ಒಂದು ನಾಟಿಯ ಕಾಲದಲ್ಲಿ ಅವಳ ಕಾಲಿಗೆ ಮುಳ್ಳು ಚುಚ್ಚಿತು. ತಿಂಗಳಾದರೂ ಗಾಯ ಮಾಯಲಿಲ್ಲ. ಮೂತ್ರ ಪರೀಕ್ಷೆ ಮಾಡಿದೆ. ನೀಲಿ ದ್ರಾವಣಕ್ಕೆ ಕೆಲವು ಹನಿ ಹಾಕಿ ಕಾಸಿದರೆ ಕಣ್ಣೆದುರೇ ಹಸಿರಾಗಿ, ಹಳದಿಯಾಗಿ, ಇಟ್ಟಿಗೆಯ ಕೆಂಪಿಗೆ ಬಂದು ನಿಂತಿತು. ಸಕ್ಕರೆ ಕಾಯಿಲೆ. ಅದು ಹೊಟ್ಟೆಬಾಕರಿಗೆ ಬರುವುದೆಂದೇ ನಾನು ತಿಳಿದಿದ್ದೆ. ಕಲಿತವಳೆಂಬ ಜಂಬ ಬೇರೆ. ಅವಳ ಜೊತೆ ಬಂದಿದ್ದ ನಾಟಿ ಹೆಂಗಸರ ಮುಂದೆಯೇ ಗದರಿಸಿದೆ.

“ಅನ್ನ, ಬೆಲ್ಲ ಅಂತ ಮುಕ್ಕಿದ್ದಕ್ಕ ಬಂದೈತಿ ಆಯಿ. ಮಾಡಿದ್ದುಣ್ಣೋ ಮಹಾರಾಯ!”

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಆಯಿ ನಗಲಿಲ್ಲ.

“ಹೌದವ್ವಾ, ಆಸಿಬುರುಕಿ ನಾ,” ಅಂದಳು.

ಅಂದಿನಿಂದ ಅವಳು ಯಾರೆದುರೂ ಉಣ್ಣಲಿಲ್ಲ. ಊಟದ ಹೊತ್ತಿಗೆ ಬದುವಿನ ಆ ತುದಿಗೆ ಹೋಗಿ, ಎಲ್ಲರಿಗೂ ಬೆನ್ನು ಮಾಡಿ ಕೂತು ರೊಟ್ಟಿ ಮುರಿಯುತ್ತಿದ್ದಳು. ಹಾಡೂ ನಿಂತಿತು. ನಾನು ಗುಳಿಗೆ ಕೊಟ್ಟೆ, ಗಾಯ ತೊಳೆದೆ. ಆಡಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಎರಡು ವರ್ಷದಲ್ಲಿ ಆ ಕಾಲಿನ ನಂಜೇ ಅವಳನ್ನು ಒಯ್ದಿತು.

ಎಷ್ಟೋ ವರ್ಷದ ಮೇಲೆ ಯಾದಗಿರಿಯಲ್ಲಿ ನಮಗೊಂದು ತರಬೇತಿ. ಎಳೆತನದಲ್ಲಿ ಹಸಿದ ಮೈ ಕಡಿಮೆಯಲ್ಲಿ ಬದುಕುವುದನ್ನು ಕಲಿತುಬಿಡುತ್ತದೆ, ಮುಂದೆ ತುಂಬಿದ ತಟ್ಟೆ ಬಂದರೆ ಸಕ್ಕರೆಯನ್ನು ಸಂಭಾಳಿಸಲು ಒದ್ದಾಡುತ್ತದೆ ಎಂದರು ಡಾಕ್ಟರು. ತೆಳ್ಳಗಿದ್ದವರಿಗೂ ಈ ಕಾಯಿಲೆ ಬರುತ್ತದಂತೆ. ಅದೊಂದೇ ಕಾರಣವೆನ್ನಲಾಗದು ಅಂತಲೂ ಅಂದರು. ನಾನು ಬರೆದುಕೊಳ್ಳುವುದನ್ನು ಬಿಟ್ಟಿದ್ದೆ. ಕಣ್ಣ ಮುಂದೆ ಉಡದಾರದ ಆ ಮೂರು ಗಂಟುಗಳು… ಆಯಿ ಎಲ್ಲವನ್ನೂ ನನ್ನ ಅಂಗೈ ಮೇಲೆ ಇಟ್ಟಿದ್ದಳು. ಆ ಹೊತ್ತು ನನಗಾದಷ್ಟು ನಾಚಿಕೆ ಮತ್ತೆಂದೂ ಆಗಿಲ್ಲ.

ನಿನ್ನೆ ಕೂಸಿಗೆ ಉಡದಾರ ಕಟ್ಟಿದೆ. ಹೊಟ್ಟೆ ತುಂಬಿದ ಖುಷಿಗೆ ಕಾಲು ಬಡಿಯುತ್ತಿತ್ತು. ಎರಡು ಬೆರಳು ಸಡಿಲ ಬಿಟ್ಟೆ.

“ಯವ್ವಾ, ಜಾರಿ ಬೀಳ್ತದ,” ಅಂದಳು ಮಗಳು.

“ಇರ್ಲಿ ಬಿಡು, ಮೈ ತುಂಬ್ಕೋತಾಳ.”

ಕಣ್ಣು ಮುಚ್ಚಿದರೆ ಈಗಲೂ ಅದೇ ಬದು, ಅದೇ ಮಂಜು, ಅದೇ ಬೆನ್ನು. ನಿನ್ನ ತಪ್ಪಿಲ್ಲ ಆಯಿ, ಈ ಕಡೆ ತಿರುಗಿ ಕೂತು ಉಣ್ಣು ಅನ್ನಬೇಕು… ಅವಳಿಲ್ಲ.