ಹದಿನಾಲ್ಕು ಹಾಳೆ

ನಮ್ಮ ಕಚೇರಿಯ ದಾಖಲೆ ಕೊಠಡಿಯನ್ನು ಇಪ್ಪತ್ತೊಂಬತ್ತು ವರ್ಷ ನೋಡಿಕೊಂಡವರನ್ನು ಎಲ್ಲರೂ ಗಂಟಣ್ಣ ಎಂದೇ ಕರೆಯುತ್ತಿದ್ದರು. ಹಳೆಯ ಕಡತಗಳನ್ನು ಬಟ್ಟೆಯಲ್ಲಿ ಸುತ್ತಿ ಅವರು ಹಾಕುತ್ತಿದ್ದ ಗಂಟು ಬೇರೆ ಯಾರಿಗೂ ಬರುತ್ತಿರಲಿಲ್ಲ. ಅವರು ಊಟಕ್ಕೆ ಹೋದಾಗ ಯಾರಾದರೂ ಒಂದನ್ನು ಬಿಚ್ಚಿ ಮತ್ತೆ ಕಟ್ಟಿದ್ದರೆ ಬಾಗಿಲಲ್ಲೇ ನಿಂತು ಕಂಡುಹಿಡಿಯುತ್ತಿದ್ದರು. "ಯಾರಪ್ಪಾ ಇದನ್ನ ಮುಟ್ಟಿದ್ದು? ಕಡತ ಕಟ್ಟಿದೀರೋ, ದನ ಕಟ್ಟಿದೀರೋ?"

ಮಹಡಿಯ ಹಿಂಬದಿಯಲ್ಲಿ, ಒಂದೇ ಕಿಟಕಿಯ ಉದ್ದನೆಯ ಕೋಣೆ ಅದು. ಸೂರು ಮುಟ್ಟುವ ಕಬ್ಬಿಣದ ಕಪಾಟುಗಳು, ಒಂದು ಕಾಲು ಕುಂಟುವ ಏಣಿ, ನುಸಿಗುಳಿಗೆಯ ವಾಸನೆ. ಕೆಳಗೆ ಬೀದಿಗೆ ತೆರೆಯುವ ಕಿಟಕಿಯಲ್ಲಿ ಕುಳಿತು ಮಾಹಿತಿ ಕೇಳುವ ಅರ್ಜಿಗಳನ್ನು ತೆಗೆದುಕೊಳ್ಳುವುದು ನನ್ನ ಕೆಲಸ. ಅರ್ಜಿ ಬಂದ ಕೂಡಲೇ ಕಡತದ ಸಂಖ್ಯೆ ಬರೆದು ಒಂದು ಚೀಟಿ ಮೇಲಕ್ಕೆ ಕಳಿಸುತ್ತಿದ್ದೆ. ಗಂಟಣ್ಣ ಆ ಕಡತಕ್ಕೆ ಕೆಂಪು ಬಟ್ಟೆಯ ಪಟ್ಟಿಯೊಂದನ್ನು ಕಟ್ಟುತ್ತಿದ್ದರು. ಕೆಂಪು ಪಟ್ಟಿ ಇರುವವರೆಗೆ, ಅವಧಿ ಮುಗಿದ ಕಡತವೇ ಆದರೂ ಅದನ್ನು ನಾಶಪಡಿಸಲು ವಿಲೇವಾರಿಗೆ ಕೊಡುವಂತಿಲ್ಲ. ಇದು ಯಾವ ನಿಯಮದ ಪುಸ್ತಕದಲ್ಲೂ ಇರಲಿಲ್ಲ. ಅವರೇ ಮಾಡಿಕೊಂಡ ಪದ್ಧತಿ, ಆದರೆ ಸಾಹೇಬರಾದಿಯಾಗಿ ಎಲ್ಲರೂ ಪಾಲಿಸುತ್ತಿದ್ದರು. ಅರ್ಜಿ ಮುಗಿದ ಗಳಿಗೆಯಲ್ಲೇ ಪಟ್ಟಿ ಬಿಚ್ಚುವುದರಲ್ಲೂ ಅವರು ಅಷ್ಟೇ ಕಟ್ಟುನಿಟ್ಟು. "ಸುಮ್ಮಸುಮ್ಮನೆ ಕಟ್ಟಿಟ್ರೆ ಕೆಂಪಿಗೆ ಬೆಲೆ ಇರಲ್ಲ ಕಣಪ್ಪಾ" ಎನ್ನುತ್ತಿದ್ದರು.

ಕಳೆದ ವರ್ಷ ಒಬ್ಬ ಹೆಣ್ಣುಮಗಳು ಕಿಟಕಿಗೆ ಬಂದರು. ಬಟ್ಟೆ ಹೊಲಿಯುವವರು, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಅವರ ತಂದೆ ಅಣೆಕಟ್ಟಿನಲ್ಲಿ ಗೇಟು ಎತ್ತುವ ಕೆಲಸದಲ್ಲಿದ್ದವರು. ಹನ್ನೊಂದು ವರ್ಷದ ಹಿಂದೆ ಒಂದು ಮುಂಜಾನೆ ಗೇಟು ಎತ್ತಿದಾಗ ಕೆಳಗಡೆ ಹೊಳೆಯಲ್ಲಿದ್ದ ಇಬ್ಬರು ಕೊಚ್ಚಿಹೋದರು. ಎತ್ತುವ ಮೊದಲು ಸೈರನ್ ಹಾಕಲಿಲ್ಲವೆಂದು ವಿಚಾರಣೆಯಾಗಿ ಅವರ ಕೆಲಸ ಹೋಯಿತು. ಮನೆಯಲ್ಲಿ ಆ ದಿನದ ಬಗ್ಗೆ ಅವರು ಬಾಯಿ ಬಿಡಲಿಲ್ಲ. ಬರಬರುತ್ತಾ ಬೇರೆ ಮಾತೂ ನಿಂತಿತು. ಮಗಳು ಕೆದಕಿ ಕೇಳಿದರೆ, "ಹೇಳೋದನ್ನೆಲ್ಲ ಅಲ್ಲೇ ಹೇಳಿದೀನಿ. ಕಾಗದದಲ್ಲಿದೆ" ಎಂದಷ್ಟೇ. ಕೆಲಸ ಹೋದ ವರ್ಷದ ಚಳಿಗಾಲದಲ್ಲೇ ತೀರಿಕೊಂಡರು.

"ಸೈರನ್ ಹಾಕಿದ್ರೋ ಇಲ್ವೋ, ಅಷ್ಟೇ ಸಾರ್ ನನಗೆ ಬೇಕಾಗಿರೋದು" ಎಂದರು ಆಕೆ. "ಹಾಕಿರಲಿಲ್ಲ ಅಂತ ಇದ್ರೂ ಪರವಾಗಿಲ್ಲ. ಅಪ್ಪನ ಬಾಯಿಂದ ಬಂದ ಮಾತು ಬೇಕು."

ಅರ್ಜಿಯಲ್ಲಿ ಅವರು ಬರೆದದ್ದು ಎರಡೇ ಸಾಲು: ನನ್ನ ತಂದೆ ತಪ್ಪು ಮಾಡಿದ್ದರೇ? ಅವರನ್ನು ಕೆಲಸದಿಂದ ಏಕೆ ತೆಗೆದಿರಿ? ನಾನು ಅದನ್ನು ತೆಗೆದುಕೊಂಡು ಚೀಟಿ ಕಳಿಸಿದೆ. ಮೇಲೆ ಕೆಂಪು ಪಟ್ಟಿ ಬಿತ್ತು.

ಒಂದು ವಾರವಾದ ಮೇಲೆ, ಗುರುವಾರ, ಅರ್ಜಿ ಏನಾಯಿತೆಂದು ಕೇಳಲು ಆಕೆ ಬಂದಾಗ ಗಂಟಣ್ಣ ಚಹಾಕ್ಕೆಂದು ಕೆಳಗಿಳಿದಿದ್ದರು. ನಾನು ಆ ಎರಡು ಸಾಲನ್ನು ಗಂಟಣ್ಣನಿಗೆ ಓದಿ ಹೇಳಿದೆ. ಅವರು ತಲೆಯಾಡಿಸಿದರು.

"ಇದು ತಿರಸ್ಕಾರ ಆಗತ್ತೆ ತಾಯಿ. ಕಾನೂನಲ್ಲಿ ಕಾಗದ ಕೇಳಬಹುದು, ಯಾಕೆ ಏನು ಅಂತ ಕೇಳೋ ಹಾಗಿಲ್ಲ. ಮೂವತ್ತು ದಿನ ಸತಾಯಿಸಿ ಇಲ್ಲ ಅಂತಾರೆ, ಆಮೇಲೆ ಮೇಲ್ಮನವಿ ಅಂತ ಇನ್ನಾರು ತಿಂಗಳು ಅಲೀತೀರಿ. ಇದನ್ನ ವಾಪಸ್ ತಗೊಂಡು ಹೊಸದಾಗಿ ಹಾಕಿ. 'ತಂದೆಯ ಹೇಳಿಕೆಯ ನಕಲು ಕೊಡಿ' ಅಂತ ಬರೀರಿ. ಹದಿನೈದು ದಿನದಲ್ಲಿ ಕೈಗೆ ಬರತ್ತೆ."

"ಹೀಗೆ ಹೇಳೋರು ಯಾರೂ ಇರಲಿಲ್ಲ ಸಾರ್" ಎಂದು ಆಕೆ ಅಲ್ಲೇ ನಿಂತು ಅರ್ಜಿ ಹಿಂಪಡೆಯುವ ಪತ್ರ ಬರೆದುಕೊಟ್ಟರು. ಹೊಸದನ್ನೂ ಈಗಲೇ ಬರೆಯಿರಿ ಎಂದೆ. ಆಕೆ ಗೋಡೆಯ ಗಡಿಯಾರ ನೋಡಿದರು. "ಶನಿವಾರ ಗಿರಾಕಿಗಳಿಗೆ ಬಟ್ಟೆ ಕೊಡಬೇಕು. ಸೋಮವಾರ ಚೆನ್ನಾಗಿ ಬರ್ಕೊಂಡು ಬರ್ತೀನಿ. ಹನ್ನೊಂದು ವರ್ಷ ಕಾದಿದೀನಿ ಸಾರ್, ನಾಲ್ಕು ದಿನ ಏನು ಮಹಾ."

ಗಂಟಣ್ಣ ಚಹಾ ಮುಗಿಸಿ ಮಹಡಿ ಹತ್ತಿದರು. ಹಿಂಪಡೆದ ಅರ್ಜಿ ಮುಗಿದ ಅರ್ಜಿಯೇ. ಅವರು ಎಂದಿನಂತೆ ಕೆಂಪು ಪಟ್ಟಿ ಬಿಚ್ಚಿ, ಮಡಚಿ, ಮೇಜಿನ ಖಾನೆಯಲ್ಲಿಟ್ಟರು.

ಹತ್ತು ವರ್ಷ ದಾಟಿದ ಕಡತಗಳ ವಿಲೇವಾರಿ ಪಟ್ಟಿ ಎರಡು ತಿಂಗಳ ಹಿಂದೆಯೇ ಸಿದ್ಧವಾಗಿತ್ತು. ಅವನ್ನು ಒಯ್ಯಲು ಕಾಗದದ ಗಿರಣಿಯ ಲಾರಿ ಬರುವುದು ತಿಂಗಳ ಕೊನೆಗೆ ಎಂದಿತ್ತು. ಶುಕ್ರವಾರ ಗಂಟಣ್ಣ ಕಣ್ಣಿನ ಪೊರೆ ತೆಗೆಸಿಕೊಳ್ಳಲು ರಜೆ ಹಾಕಿದರು. ಶನಿವಾರ ಬೆಳಿಗ್ಗೆ, ಯಾರಿಗೂ ಹೇಳದೆ ಕೇಳದೆ, ಲಾರಿ ಬಂದು ಅಂಗಳದಲ್ಲಿ ನಿಂತಿತು. ಬಂದ ಲಾರಿಯನ್ನು ಬರಿಗೈಲಿ ಕಳಿಸಬೇಡಿ ಎಂದರು ಸಾಹೇಬರು. ನಾನೇ ವಿಲೇವಾರಿ ಪಟ್ಟಿ ಹಿಡಿದು ನಿಂತೆ. ಕೆಂಪು ಪಟ್ಟಿ ಇದ್ದ ಏಳು ಕಡತ ಬಿಟ್ಟು ಉಳಿದದ್ದನ್ನೆಲ್ಲ ಕೆಳಗಿಳಿಸಿದರು. ಪಟ್ಟಿಯಲ್ಲಿ ಬರೀ ಸಂಖ್ಯೆಗಳಿದ್ದವು. ಒಂದೊಂದಕ್ಕೂ ಗುರುತು ಹಾಕಿದೆ, ಆಕೆಯ ತಂದೆಯ ಕಡತಕ್ಕೂ ಹಾಕಿದೆ. ನನಗೆ ಹೊಳೆಯಲೇ ಇಲ್ಲ.

ಸೋಮವಾರ ಗಂಟಣ್ಣ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಬಂದರು. ವೈದ್ಯರು ವಾರ ಮನೆಯಲ್ಲಿರಿ ಎಂದಿದ್ದರಂತೆ. ಆ ನಕಲನ್ನು ತಾವೇ ತೆಗೆದುಕೊಡಬೇಕೆಂದು ಬಂದಿದ್ದರು. ಮೇಲೆ ಹೋದ ಐದು ನಿಮಿಷಕ್ಕೆ ಗೋಡೆ ಹಿಡಿದುಕೊಂಡು ಇಳಿದು ಬಂದು ನನ್ನ ಮೇಜಿನ ಮುಂದೆ ನಿಂತರು.

"ಲಾರಿ ಬಂದಿತ್ತಾ?"

"ಬಂದಿತ್ತು ಗಂಟಣ್ಣ."

ನನಗೆ ಆಗ ಹೊಳೆಯಿತು. ಗಿರಣಿಗೆ ಫೋನು ಮಾಡಿದೆ. ಭಾನುವಾರವೇ ಅರೆದಾಯಿತು ಎಂದರು.

ಸಾಹೇಬರ ಕೋಣೆಯಲ್ಲಿ ನಾವಿಬ್ಬರೂ ನಿಂತಿದ್ದೆವು. ಸಾಹೇಬರು ಕೆಟ್ಟವರಲ್ಲ. "ಪತ್ತೆಯಾಗಿಲ್ಲ ಅಂತ ಹಿಂಬರಹ ಕೊಟ್ಟುಬಿಡಿ" ಎಂದರು. "ಹುಡುಕ್ತಾ ಇದೀವಿ ಅಂತ ಒಂದು ಸಾಲು ಸೇರಿಸಿ. ಯಾರ ತಲೆಗೂ ಬರಲ್ಲ."

"ಅದನ್ನ ನಂಬ್ಕೊಂಡು ಆ ಹೆಣ್ಣುಮಗಳು ಕಾಯ್ತಾನೇ ಇರ್ತಾರೆ ಸಾರ್" ಎಂದರು ಗಂಟಣ್ಣ.

"ನಿಮ್ಮ ನಿವೃತ್ತಿಗೆ ಏಳು ತಿಂಗಳಿದೆ, ನೆನಪಿರಲಿ."

"ಅದಕ್ಕೇ ಸಾರ್. ಸುಳ್ಳು ಕಲಿಯೋಕೆ ಈಗ ಟೈಮಿಲ್ಲ."

ಅವರು ಒಂದೇ ಕಣ್ಣಿನಲ್ಲಿ ನೋಡುತ್ತಾ ತಮ್ಮ ಕೈಯಾರೆ ಬರೆದರು: ಸದರಿ ಕಡತವನ್ನು ಶನಿವಾರ ಗಿರಣಿಗೆ ಕೊಟ್ಟು ನಾಶಪಡಿಸಲಾಗಿದೆ. ಮೊದಲಿನ ಅರ್ಜಿಯನ್ನು ಹಿಂಪಡೆಯುವಂತೆ ಸಲಹೆ ಕೊಟ್ಟವನು ನಾನು. ಕಡತದ ಗುರುತು ಬಿಚ್ಚಿದವನೂ ನಾನು. ಕೆಳಗೆ ಸಹಿ ಮಾಡಿದರು. ವಿಲೇವಾರಿ ಪಟ್ಟಿಗೆ ಗುರುತು ಹಾಕಿದ್ದು ನಾನೆಂದೂ ಸೇರಿಸಿ ಎಂದೆ. "ನಿನ್ನದು ಇನ್ನೂ ಉದ್ದ ಇದೆ ಸರ್ವೀಸು, ಸುಮ್ಮನಿರು" ಎಂದರು. ನಾನು ಸುಮ್ಮನಿದ್ದೆ.

ಹನ್ನೊಂದೂವರೆಗೆ ಆಕೆ ಬಂದರು. ಅರ್ಜಿಯನ್ನು ದುಂಡಗಿನ ಅಕ್ಷರದಲ್ಲಿ, ಒಂದು ಚಿತ್ತೂ ಇಲ್ಲದೆ ಬರೆದಿದ್ದರು. ಗಂಟಣ್ಣ ಕಚೇರಿಯ ಒಳಗಿಂದ ಸುತ್ತಿ, ಜನ ನಿಲ್ಲುವ ಕಡೆಗೆ ಹೋಗಿ ಅವರ ಪಕ್ಕದಲ್ಲಿ ನಿಂತರು. ಹಿಂಬರಹವನ್ನು ಕೈಗೆ ಕೊಡುವ ಮೊದಲೇ ಎಲ್ಲವನ್ನೂ ಬಾಯಲ್ಲಿ ಹೇಳಿದರು.

ಆಕೆ ಕೂಗಾಡಲಿಲ್ಲ. "ನೀವು ಓದಿರ್ತೀರಲ್ಲ ಸಾರ್? ಇಷ್ಟು ವರ್ಷ ನಿಮ್ಮ ಹತ್ರಾನೇ ಇತ್ತಲ್ಲ. ಅದರಲ್ಲಿ ಏನಿತ್ತು ಅಂತ ಬಾಯಲ್ಲೇ ಹೇಳಿ" ಎಂದರು.

"ಓದಿಲ್ಲ ತಾಯಿ. ಇನ್ನೊಬ್ಬರ ಕಾಗದ ಅಂತ ಯಾವುದನ್ನೂ ಓದಲಿಲ್ಲ. ಹಾಳೆ ಎಣಿಸ್ತಿದ್ದೆ, ಕಟ್ತಿದ್ದೆ, ಅಷ್ಟೇ. ಅದನ್ನೇ ದೊಡ್ಡದು ಅಂದ್ಕೊಂಡಿದ್ದೆ."

ಆಮೇಲೆ ಗಂಟಣ್ಣನಿಗೇನೋ ನೆನಪಾಗಿ, "ಇರಿ" ಎಂದು ಮೇಲೆ ಹೋಗಿ ದಪ್ಪ ರಿಜಿಸ್ಟರೊಂದನ್ನು ಎದೆಗವಚಿಕೊಂಡು ತಂದರು. ಪ್ರತಿ ಕಡತದಲ್ಲಿ ಯಾವ ಕಾಗದ ಎಷ್ಟು ಹಾಳೆ ಇದೆ ಎಂದು ಅದರಲ್ಲಿ ಬರೆದಿಡುತ್ತಿದ್ದರು. ಆ ಪುಟ ತೆಗೆದು ಬೆರಳಿಟ್ಟು ತೋರಿಸಿದರು. ಎಂಜಿನಿಯರರ ಹೇಳಿಕೆ, ಎರಡು ಹಾಳೆ. ಕಾವಲುಗಾರನ ಹೇಳಿಕೆ, ಒಂದು ಹಾಳೆ. ಗೇಟಿನ ಕೆಲಸಗಾರನ ಹೇಳಿಕೆ, ಹದಿನಾಲ್ಕು ಹಾಳೆ.

"ಹದಿನಾಲ್ಕಾ?" ಆಕೆ ಬಗ್ಗಿ ನೋಡಿದರು. "ತಪ್ಪಿರಬೇಕು ಸಾರ್. ಅಪ್ಪ ಅಷ್ಟು ಮಾತಾಡೋರೇ ಅಲ್ಲ."

"ಎಣಿಕೆ ತಪ್ಪಲ್ಲ ತಾಯಿ. ಎರಡು ಸಲ ಎಣಿಸ್ತಿದ್ದೆ."

ಆ ಸಾಲಿನ ಮೇಲೆ ಆಕೆ ಬೆರಳಾಡಿಸಿದರು. "ಹದಿನಾಲ್ಕು ಹಾಳೆ ಜೋರಾಗಿ ಓದಿದ್ರೆ ಎಷ್ಟು ಹೊತ್ತಾಗತ್ತೆ?"

ಗಂಟಣ್ಣ ಯೋಚಿಸಿದರು. "ಅರ್ಧ ಗಂಟೆ ಆಗಬಹುದು. ನಿಧಾನಕ್ಕೆ ಹೇಳಿದ್ರೆ ಇನ್ನೂ ಸ್ವಲ್ಪ ಜಾಸ್ತಿ."

ಆಕೆ ಹೋಗಿ ಗೋಡೆಯ ಪಕ್ಕದ ಬೆಂಚಿನ ಮೇಲೆ ಕುಳಿತರು. ಕೈಗಳನ್ನು ಮಡಿಲಲ್ಲಿಟ್ಟು, ಎದುರಿಗೆ ಯಾರೋ ಮಾತಾಡುತ್ತಿರುವಂತೆ, ತಲೆ ಸ್ವಲ್ಪ ವಾಲಿಸಿ ಕುಳಿತರು. ಗಂಟಣ್ಣ ರಿಜಿಸ್ಟರನ್ನು ನನ್ನ ಮೇಜಿನ ಮೇಲಿಟ್ಟು, ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತರು. ಕಿಟಕಿಗೆ ಬಂದ ಮೂವರಿಗೆ, ಒಂದು ಗಳಿಗೆ ಸದ್ದು ಮಾಡಬೇಡಿ ಎಂದೆ. ಅವರು ಸಾಲಾಗಿ ನಿಂತರು.

ಹನ್ನೆರಡೂಕಾಲು ದಾಟಿತು. ಆಕೆ ಏಳಲಿಲ್ಲ. ಅವರಪ್ಪ ನಿಧಾನಕ್ಕೆ ಹೇಳುತ್ತಿದ್ದರೇನೋ.